ನಾನು ತಪ್ಪು ಕೇಳಲು ಹೊರಟದ್ದು

ಮೂವತ್ತೊಂದು ವರ್ಷ ಜಾವಾದ ಕ್ಲಾತೆನ್ ಊರಿನ ಮನೆಮನೆಗೂ ಹೋಗಿ ನೀರಿನ ಮೀಟರು ನೋಡಿ ಬರೆದುಕೊಂಡವನು ನಾನು. ಇಷ್ಟು ವರ್ಷ ಅಂಕಿ ಬರೆದವನು ಇನ್ನು ಮೇಲೆ ಅಕ್ಷರ ಯಾಕೆ ಬರೆಯಬಾರದು ಎಂಬ ಪ್ರಶ್ನೆ ನಿವೃತ್ತನಾದ ಮರುದಿನ ಬೆಳಿಗ್ಗೆ ನನಗೆ ಹೊಳೆಯಿತು. ಅದು ಹೊಳೆಯದೇ ಇದ್ದಿದ್ದರೆ ನಮ್ಮ ಓಣಿಯ ಹದಿನಾಲ್ಕು ಕೋಳಿಗಳು ಇವತ್ತಿಗೂ ಚರಂಡಿ ಕೆದಕಿಕೊಂಡು ಸುಖವಾಗಿರುತ್ತಿದ್ದವು.

ಊರಿನ ಗ್ರಂಥಾಲಯದಲ್ಲಿ 'ಹೊಸ ಲೇಖಕರಿಗೆ ಲೇಖನ ಬರೆಯುವ ತರಬೇತಿ' ಎಂದು ಬ್ಯಾನರು ಕಟ್ಟಿದ್ದರು. ಶನಿವಾರ ಶನಿವಾರ ತರಗತಿ. ಹೋಗಿ ನೋಡಿದರೆ ಹತ್ತು ಜನ ಕಾಲೇಜು ಹುಡುಗಿಯರು. ನನ್ನನ್ನು ಕಂಡದ್ದೇ ಎಲ್ಲರೂ ಎದ್ದು ಬಂದು ಒಬ್ಬೊಬ್ಬರಾಗಿ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ನಾನೇ ಮೇಷ್ಟ್ರು ಎಂದುಕೊಂಡಿದ್ದರಂತೆ. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಾಗ ಅವರ ಮುಖ ಬಾಡಿದ್ದನ್ನು ನೋಡಿ ನನಗೇ ಪಾಪ ಅನ್ನಿಸಿತು.

ನಿಜವಾದ ಗುರು ಆಮೇಲೆ ಬಂದರು. ಹೆಸರು ವೆನಿಂಗ್, ವಯಸ್ಸು ಇಪ್ಪತ್ತಾರು, ಜಿಲ್ಲೆಯ ವಾರಪತ್ರಿಕೆಯಲ್ಲಿ ಕೆಲಸ. ನನ್ನ ಕೊನೆಯ ಮಗಳಿಗಿಂತ ಚಿಕ್ಕವರು. ಆದರೆ ಗುರು ಗುರುವೇ. ನಮ್ಮಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನದೆ ಹಿರಿಯರ ಹೆಸರು ಬಾಯಿಂದ ಹೊರಡುವುದಿಲ್ಲ; ಗಂಡಹೆಂಡಿರೂ ಒಬ್ಬರನ್ನೊಬ್ಬರು ಹಾಗೇ ಕರೆಯುತ್ತಾರೆ. ಹಾಗಾಗಿ ಆ ಹುಡುಗಿಯನ್ನು ನಾನು ಭಯಭಕ್ತಿಯಿಂದ 'ಬು ಗುರು' ಎಂದು ಕರೆದೆ. ಅವರು ಮೊದಲ ದಿನವೇ ಮೂರು ಮಾತು ಹೇಳಿದರು. ಮೊದಲ ವಾಕ್ಯ ಓದುಗನ ಕೈ ಹಿಡಿದು ಎಳೆಯಬೇಕು. ವಾಕ್ಯ ಚಿಕ್ಕದಿರಬೇಕು. ಕಣ್ಣಾರೆ ಕಂಡದ್ದನ್ನು ಬರೆಯಬೇಕು. ನಾನು ಮೂರನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು, ಮನೆಗೆ ಬಂದವನೇ ಮರೆತುಬಿಟ್ಟೆ. ಯಾಕೆಂದರೆ ನನಗೆ ಅದಕ್ಕಿಂತ ತುರ್ತಿನ ಕೆಲಸವಿತ್ತು: ಬೋರ್ಡು ಬರೆಸುವುದು.

'ತುಗಿಮನ್, ಲೇಖಕ'. ಮನೆಯ ನಂಬರಿನ ಕೆಳಗೆ, ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ನಾನು ಆ ಕುಲಾವಿಯನ್ನು ಬಾಗಿಲಿಗೇ ನೇತುಹಾಕಿದೆ. ಅಷ್ಟಕ್ಕೆ ನಿಲ್ಲಲಿಲ್ಲ. ಓಣಿಯ ತಿಂಗಳ ಸಭೆಯಲ್ಲಿ ಎದ್ದು ನಿಂತು, ಸದ್ಯದಲ್ಲೇ ಪತ್ರಿಕೆಯಲ್ಲಿ ನನ್ನ ಹೆಸರು ಬರಲಿದೆ ಎಂದೂ ಸಾರಿಬಿಟ್ಟೆ.

ನನ್ನ ಹೆಂಡತಿ ರುಮಿಯಾತಿ ಬೋರ್ಡನ್ನು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಪತ್ರಿಕೇಲಿ ಬರ್ದೇ ಹೋದ್ರೆ?"

"ಬರತ್ತೆ, ಬು."

"ಬರ್ದೇ ಹೋದ್ರೆ ಈ ಹಲಗೇನ ನೀವೇ ಹಗಲು ಹೊತ್ತಲ್ಲಿ, ಎಲ್ಲರ ಕಣ್ಣೆದುರಿಗೆ, ಏಣಿ ಹಾಕ್ಕೊಂಡು ಇಳಿಸ್ಬೇಕು. ಆಮೇಲೆ ನಾನು ಅದರ ಮೇಲೆ ಅಡುಗೆಗೆ ಸೋಯಾ ತೆಂಪೆ ಹೆಚ್ತೀನಿ."

ಆ ಹಲಗೆಯ ಮಾನ ಉಳಿಸುವುದೇ ಅಂದಿನಿಂದ ನನ್ನ ಬಾಳಿನ ಗುರಿಯಾಯಿತು.

ಲೇಖನ ಬರೆದೆ. ಹನ್ನೊಂದು ಪುಟ. 'ನೀರಿನ ಮೀಟರು: ಅಂದು, ಇಂದು ಮತ್ತು ಮುಂದು'. ಅದರ ಮೊದಲ ವಾಕ್ಯ ಮಾನವನು ಭೂಮಿಯ ಮೇಲೆ ಕಾಲಿಟ್ಟ ದಿನದಿಂದ ಹೊರಟು, ನದಿಗಳನ್ನೂ ನಾಗರಿಕತೆಗಳನ್ನೂ ದಾಟಿ, ಪುಟದ ಕೊನೆಯಲ್ಲಿ "ಆದರೆ ಬಂಧುಗಳೇ, ಒಂದಲ್ಲ ಒಂದು ದಿನ ಪ್ರತಿಯೊಬ್ಬರ ನಲ್ಲಿಯೂ ನಿಂತುಹೋಗುತ್ತದೆ" ಎಂದು ಸುಸ್ತಾಗಿ ಕುಳಿತುಕೊಳ್ಳುತ್ತಿತ್ತು. ಇದನ್ನು ಬರೆದಾಗ ನನ್ನ ಕಣ್ಣಲ್ಲೇ ನೀರು ಬಂದಿತ್ತು. ರುಮಿಯಾತಿ ಅರ್ಧ ಪುಟ ಓದಿ, "ಉಪ್ಪೇ ಇಲ್ಲ" ಎಂದು ಅಡುಗೆಮನೆಗೆ ಹೋದಳು.

ಬು ಗುರು ಒಂದು ಪುಟ ಓದಿದರು. ಪೆನ್ನಿನ ಮುಚ್ಚಳ ಹಾಕಿದರು. ನಕ್ಕರು. ಅವರೂ ಜಾವಾದವರೇ ತಾನೆ. ಇಷ್ಟು ವಯಸ್ಸಾದವನ ಮುಖ ನೋಡಿ ಚೆನ್ನಾಗಿಲ್ಲ ಅನ್ನಲು ಅವರಿಗೆ ಬಾಯಿ ಬರಲಿಲ್ಲ.

"ಪಾಕ್, ಒಂದು ಕೆಲಸ ಮಾಡಿ. ಇದನ್ನ ನಾಲ್ಕು ಜನಕ್ಕೆ ಓದೋಕೆ ಕೊಡಿ. ಮನೆಯವರು ಬೇಡ, ಹೊರಗಿನವರು. ತಪ್ಪೇನಿದೆ ಅಂತ ಅವರ ಬಾಯಲ್ಲೇ ಹೇಳಿಸಿ, ಸಾಧ್ಯವಾದ್ರೆ ಬರೆಸ್ಕೊಂಡು ಬನ್ನಿ. ತಪ್ಪು ಹೇಳಿಸ್ಕೊಳ್ದೆ ಯಾರೂ ಬರೆಯೋದು ಕಲಿಯಲ್ಲ. ಮುಂದಿನ ಶನಿವಾರ ಹನ್ನೊಂದು ಲೇಖನದಲ್ಲಿ ಒಂದನ್ನ ಆರಿಸಿ ಪತ್ರಿಕೆಗೆ ಕೊಡ್ತೀನಿ."

ಈ ಮಾತು ಹೇಳುವುದು ಸುಲಭ. ನಮ್ಮೂರಲ್ಲಿ ಒಬ್ಬನ ಬಾಯಿಂದ ಇನ್ನೊಬ್ಬನ ತಪ್ಪು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದಂತೆ. ಪಕ್ಕದ ಮನೆಗೆ ಬೆಂಕಿ ಬಿದ್ದರೂ ನಾವು ಮೊದಲು ಮಕ್ಕಳು ಚೆನ್ನಾಗಿದ್ದಾರಾ ಎಂದು ವಿಚಾರಿಸಿ, ಆಮೇಲೆ ನಿಮ್ಮ ಮನೆಯ ಕಡೆ ಸ್ವಲ್ಪ ಬೆಚ್ಚಗಿರುವಂತಿದೆ ಅನ್ನುವ ಜನ. ಕೇಳುವವನಾದ ನಾನೂ ಅದೇ ಜಾತಿ. ವಿಷಯಕ್ಕೆ ನೇರವಾಗಿ ಬಂದರೆ ನನಗೆ ಅಂಗಿಯಿಲ್ಲದೆ ಬೀದಿಗೆ ಬಂದಷ್ಟು ನಾಚಿಕೆ.

ಭಾನುವಾರ ಮಧ್ಯಾಹ್ನದ ಮೇಲೆ ಮದುವೆಮುಂಜಿಗೆ ಹಾಕುವ ಉದ್ದತೋಳಿನ ಬಾತಿಕ್ ಅಂಗಿ ತೊಟ್ಟು, ನಾಲ್ಕು ಪ್ರತಿಗಳನ್ನು ನಾಲ್ಕು ಬಿಳಿ ಲಕೋಟೆಯಲ್ಲಿಟ್ಟು ಹೊರಟೆ. ಮೊದಲು ಹಾಜಿ ಮುಸ್ತಾರಿಯವರ ಮನೆ. ನಮ್ಮ ಓಣಿಯಲ್ಲಿ ಮೆಕ್ಕಾಗೆ ಹೋಗಿಬಂದವರು ಅವರೊಬ್ಬರೇ. ಪಂಜರದ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದರು. ಸಿಹಿ ಚಹಾ ಬಂತು. ಪಾರಿವಾಳಗಳ ಆರೋಗ್ಯ ವಿಚಾರಿಸಿದೆ. ಹವೆಯ ಬಗ್ಗೆ ಮಾತಾಡಿದೆವು. ಕೊನೆಗೆ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟೆ. ಕೊಟ್ಟವರೆದುರು ಲಕೋಟೆ ಒಡೆಯುವ ಅನಾಗರಿಕತೆ ನಮ್ಮಲ್ಲಿಲ್ಲವಾದ್ದರಿಂದ ಅವರು ಅದನ್ನು ಮುಟ್ಟಿ, ಹಾಗೇ ಪಕ್ಕಕ್ಕಿಟ್ಟರು.

"ಪಾಕ್ ಹಾಜಿ, ಮೂವತ್ತೊಂದು ವರ್ಷ ನಿಮ್ಮ ಮನೆಗೆ ಬಂದು ಹೋಗಿದೀನಿ."

"ಹೌದು ಹೌದು, ತಿಂಗಳು ತಪ್ಪಿಸಿಲ್ಲ."

"ನನ್ನ ಕಡೆಯಿಂದ ತಪ್ಪುಗಳಿವೆ. ಬೇಕಾದಷ್ಟಿವೆ. ನೀವು ದೊಡ್ಡವರು, ಮುಚ್ಚಿಡಬಾರದು. ಶನಿವಾರದೊಳಗೆ ಹೇಳಿಬಿಡ್ಬೇಕು."

ಹಾಜಿಯವರ ಕಪ್ಪು ತುಟಿಯ ಹತ್ತಿರ ನಿಂತಿತು. "ಶನಿವಾರ? ಅಷ್ಟು ಬೇಗ?"

"ಅದು ನಮ್ಮ ಕೈಲಿಲ್ಲ, ಪಾಕ್ ಹಾಜಿ. ನಿಗದಿ ಮಾಡೋರು ಬೇರೆ."

"ಹೆಸರು ಬಂತಾ?"

"ಬಂದ್ರೆ ನನ್ನ ಪುಣ್ಯ. ಹನ್ನೊಂದು ಜನಕ್ಕೆ ಒಂದೇ ಜಾಗ."

ಹಾಜಿಯವರ ಕಣ್ಣು ಒದ್ದೆಯಾಯಿತು. ನನ್ನ ಬರವಣಿಗೆಯ ಮೇಲೆ ಈ ಮನುಷ್ಯನಿಗೆ ಇಷ್ಟು ಅಭಿಮಾನವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಬರೆದುಕೊಟ್ರೆ ಇನ್ನೂ ಒಳ್ಳೇದು. ಚೀಟೀಲಿ ಒಂದೆರಡು ಸಾಲು. ನಾನೇ ತಗೊಂಡ್ಹೋಗಿ ಅಲ್ಲಿ ಒಪ್ಪಿಸ್ತೀನಿ" ಎಂದೆ.

"ಖಂಡಿತ, ಖಂಡಿತ." ಅವರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. "ಒಂದು ಮಾತು ನೆನಪಿಟ್ಕೊಳ್ಳಿ ಪಾಕ್ ತುಗಿಮನ್. ಅಲ್ಲಿ ಜನಜಂಗುಳಿ ಜಾಸ್ತಿ. ಎಲ್ಲರೂ ಮುಂದೆ ನುಗ್ತಾರೆ. ನೀವು ನುಗ್ಬೇಡಿ, ಅಂಚಲ್ಲೇ ನಿಧಾನವಾಗಿ ಹೋಗಿ. ಚಪ್ಪಲಿ ಮಾತ್ರ ಎರಡು ಜೊತೆ ಇರ್ಲಿ, ಕಳ್ದುಹೋಗತ್ತೆ."

ಪತ್ರಿಕಾ ಪ್ರಪಂಚದ ಬಗ್ಗೆ ಹಾಜಿಯವರಿಗೆ ಇಷ್ಟು ಆಳವಾದ ತಿಳಿವಳಿಕೆ ಇದ್ದದ್ದು ಕಂಡು ಬೆರಗಾಗಿ, ಚಪ್ಪಲಿಯ ಮಾತನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಎರಡನೆಯ ಲಕೋಟೆ ಕ್ಷೌರದಂಗಡಿಯ ಜೋಯೋಗೆ. ಅವನಲ್ಲೂ ಇದೇ ಮಾತು. ಶನಿವಾರ ಎಂದು ಕೇಳಿದ್ದೇ ಜೋಯೋ ಕತ್ತರಿ ಕೆಳಗಿಟ್ಟು ಕನ್ನಡಿಯಲ್ಲಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವನು ನನ್ನ ಕೂದಲು ಕತ್ತರಿಸಿದ ನಾಜೂಕು ಏನು ಹೇಳಲಿ! ಒಂದೊಂದೇ ಎಳೆಯನ್ನು ಬೀಳ್ಕೊಡುವಂತೆ ಕತ್ತರಿಸಿದ. ಹಣ ಕೊಡಲು ಹೋದರೆ ಕೈ ಮುಗಿದು ಒಳಗೆ ಓಡಿದ.

ಮೂರನೆಯದು ಎದುರುಮನೆಯ ಬು ವಿನಾರ್ತಿಗೆ. ಆಕೆಯದು ಸಾಮಾನಿನ ಅಂಗಡಿ. ಉಪ್ಪಿನಿಂದ ಹಿಡಿದು ಊರ ಸುದ್ದಿಯವರೆಗೆ ಸಕಲವೂ ಅಲ್ಲಿ ಬಿಡಿಯಾಗಿ ಸಿಗುತ್ತದೆ. ನಾಲ್ಕನೆಯದು ಓಣಿಯ ಯಜಮಾನ ಪಾಕ್ ಹಾರ್ಜೋನೋಗೆ. ಯಜಮಾನಿಕೆ ಯಾರಿಗೂ ಬೇಡವಾದ್ದರಿಂದ ಹನ್ನೆರಡು ವರ್ಷದಿಂದ ಅವರೇ ಯಜಮಾನರು. ಪ್ರತಿ ಚುನಾವಣೆಯಲ್ಲೂ ಅವರು ಬೇಡ ಬೇಡ ಎಂದು ಅಳುವುದು, ನಾವು ಚಪ್ಪಾಳೆ ತಟ್ಟಿ ಆರಿಸುವುದು ನಡೆದುಬಂದ ಪದ್ಧತಿ.

ಈಗ, ನಾನು ಮನೆಗೆ ಬಂದು ಹಾಯಾಗಿ ಬಾಳೆಹಣ್ಣಿನ ಬಜ್ಜಿ ತಿನ್ನುತ್ತಿದ್ದಾಗ ಓಣಿಯಲ್ಲಿ ಏನಾಯಿತೆಂಬುದನ್ನು ಹೇಳಬೇಕು. ಇದು ನನಗೆ ಆಮೇಲೆ ತಿಳಿದದ್ದು. ನಮ್ಮಲ್ಲಿ ಒಬ್ಬ ಮನುಷ್ಯ ಒಳ್ಳೆಯ ಅಂಗಿ ಹಾಕಿಕೊಂಡು ಮನೆಮನೆಗೆ ಹೋಗಿ ನನ್ನ ತಪ್ಪು ಇದ್ದರೆ ಹೇಳಿ ಅನ್ನುವುದು ಹಬ್ಬದ ದಿನ ಬಿಟ್ಟರೆ ಎರಡೇ ಸಂದರ್ಭದಲ್ಲಿ. ಒಂದು, ಹಜ್ ಯಾತ್ರೆಗೆ ಹೊರಡುವಾಗ. ನೆರೆಹೊರೆಯವರ ಋಣ, ಮನಸ್ತಾಪ ಎಲ್ಲ ತೀರಿಸಿಕೊಂಡು ಹೋಗಬೇಕಲ್ಲ. ಇನ್ನೊಂದು, ವಾಪಸು ಬರಲಾಗದ ಯಾತ್ರೆಗೆ ಹೊರಡುವಾಗ. ಮೂಢನಾದ ನಾನು ಇದನ್ನು ಐವತ್ತೆಂಟು ವರ್ಷ ನೋಡಿಕೊಂಡೇ ಬೆಳೆದಿದ್ದೇನೆ. ಆದರೂ ನನ್ನ ತಲೆಯಲ್ಲಿ ಲೇಖನ ಬಿಟ್ಟು ಬೇರೇನೂ ಇರಲಿಲ್ಲ.

ಸಂಜೆಯ ಹೊತ್ತಿಗೆ ವಿನಾರ್ತಿಯ ಅಂಗಡಿಯ ಮುಂದೆ ಎರಡು ಪಕ್ಷವಾಗಿದ್ದವಂತೆ.

"ಮೆಕ್ಕಾಗೇ ಹೊರಟಿರೋದು. ಹಜ್ ಪಟ್ಟೀಲಿ ಮುಂದಿದ್ದೋರು ಯಾರೋ ತೀರ್ಕೊಂಡಿರ್ಬೇಕು, ಜಾಗ ಖಾಲಿಯಾಗಿದೆ" ಎಂದು ಹಾಜಿ ಮುಸ್ತಾರಿ.

"ತೀರ್ಕೊಳ್ಳೋರು ಮುಂದಿದ್ದೋರಲ್ಲ, ಇವ್ರೇ" ಎಂದು ಜೋಯೋ. "ಲಕೋಟೆ ಒಡೆದು ನೋಡಿ. ಮೊದಲ ಪುಟದಲ್ಲೇ ಬರ್ದಿದಾರೆ, ಒಂದು ದಿನ ಎಲ್ಲರ ನಲ್ಲೀನೂ ನಿಂತ್ಹೋಗತ್ತೆ ಅಂತ. ಓದಿ ನಂಗೆ ಚಹಾನೂ ಸೇರ್ಲಿಲ್ಲ."

"ಅಯ್ಯೋ, ಅದಕ್ಕೇ ಬೋರ್ಡು ಹಾಕ್ಸಿರೋದು!" ಎಂದು ವಿನಾರ್ತಿ. "ಹೋಗೋಕ್ಮುಂಚೆ ಹೆಸರು ಉಳೀಲಿ ಅಂತ. ಪಾಪ, ರುಮಿಯಾತಿಗೆ ಇನ್ನೂ ಹೇಳಿಲ್ಲ ಅನ್ಸತ್ತೆ. ಬೆಳಿಗ್ಗೆ ಬಂದು ನಗ್ತಾ ನಗ್ತಾ ಬೆಳ್ಳುಳ್ಳಿ ತಗೊಂಡ್ಹೋದ್ಲು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ನಮ್ಮ ಓಣಿಯಲ್ಲಿ ಅವರಿಗೊಬ್ಬ ಯಜಮಾನನೂ ಇದ್ದ. ಪಾಕ್ ಹಾರ್ಜೋನೋ ಎರಡೂ ಪಕ್ಷದ ಮಾತು ಕೇಳಿ, ನಮ್ಮ ಸಂಪ್ರದಾಯದಂತೆ ಯಾರ ಮನಸ್ಸಿಗೂ ನೋವಾಗದ ತೀರ್ಮಾನ ಕೊಟ್ಟರು: "ಮೆಕ್ಕಾಗೋ, ಇನ್ನೂ ದೂರಕ್ಕೋ, ಅದು ಅವರಿಗೂ ದೇವರಿಗೂ ಬಿಟ್ಟದ್ದು. ಬೀಳ್ಕೊಡುಗೆ ಊಟ ಎರಡಕ್ಕೂ ಒಂದೇ. ಶನಿವಾರ ಮಧ್ಯಾಹ್ನ ಶಾಮಿಯಾನ ಹಾಕ್ಸೋಣ. ಅವರಿಗೆ ಹೇಳ್ಬೇಡಿ, ಸಂಕೋಚ ಪಟ್ಕೋತಾರೆ."

ನನಗೆ ಇದೊಂದೂ ತಿಳಿಯದು. ಬುಧವಾರ ಲೇಖನದ ತಪ್ಪುಗಳನ್ನು ವಸೂಲು ಮಾಡಲು ಹೊರಟೆ. ನಾಲ್ಕು ಮನೆಯಲ್ಲೂ ನನಗೆ ಸಿಕ್ಕ ಮರ್ಯಾದೆ ನಮ್ಮ ಜಿಲ್ಲಾಧಿಕಾರಿಗೂ ಸಿಕ್ಕಿರಲಾರದು.

"ಓದಿದ್ರಾ?"

"ಓದಿದೆ ಪಾಕ್, ತುಂಬಾ ಚೆನ್ನಾಗಿದೆ!"

"ತಪ್ಪು?"

"ತಪ್ಪೇ ಇಲ್ಲ!"

ನಾಲ್ಕೂ ಕಡೆ ಇದೇ ಮಾತು, ಇದೇ ನಗು. ಆದರೆ ನಾಲ್ವರೂ ಆಚೆ ಈಚೆ ನೋಡಿ, ಚಿಕ್ಕದಾಗಿ ಮಡಿಸಿದ ಚೀಟಿಯೊಂದನ್ನು ನನ್ನ ಅಂಗೈಗೆ ಒತ್ತಿದರು. "ಅಲ್ಲಿ ಮರೀದೆ ಒಪ್ಪಿಸಿ ಪಾಕ್" ಎಂದು ಪಿಸುಗುಟ್ಟಿದರು. ನನಗೆ ಅರ್ಥವಾಯಿತು. ಬಾಯಲ್ಲಿ ಹೇಳಲಾಗದ್ದನ್ನು ಬರೆದುಕೊಟ್ಟಿದ್ದಾರೆ, ಪಾಪ. ಎಂಥ ಸೂಕ್ಷ್ಮ ಜನ!

ಮನೆಗೆ ಬಂದು ಚೀಟಿ ಬಿಡಿಸಿದೆ. ವಿನಾರ್ತಿಯದು: 'ನಮ್ಮ ಮಗಳು ನಿಂಗ್ರುಮ್‌ಗೆ ಈ ವರ್ಷವಾದರೂ ಒಳ್ಳೆ ಗಂಡು ಸಿಗಲಿ.'

ಎರಡು ಸಲ ಓದಿದೆ. ಮೂರನೆಯ ಸಲಕ್ಕೆ ಮೈ ಜುಮ್ಮೆಂದಿತು. ಇದು ರೂಪಕ! ಲೇಖನ ಒಂಟಿಯಾಗಿದೆ, ಅದಕ್ಕೆ ಜೊತೆ ಬೇಕು ಎಂದಿದ್ದಾರೆ. ಜೋಯೋನ ಚೀಟಿ: 'ನನ್ನ ಮಂಡಿ ನೋವು ಹೋಗಲಿ.' ಅಂದರೆ ವಾಕ್ಯಗಳು ನಡೆಯುತ್ತಿಲ್ಲ, ಕುಂಟುತ್ತಿವೆ. ಹಾಜಿಯವರದು: 'ಸತ್ತ ನನ್ನ ಬಿಳಿ ಪಾರಿವಾಳದಂಥದ್ದು ಇನ್ನೊಂದು ಸಿಗಲಿ.' ಅಂದರೆ ಬರಹದಲ್ಲಿ ಹಾರುವ ಗುಣವಿಲ್ಲ. ಹಾರ್ಜೋನೋ ಅವರದು: 'ಮುಂದಿನ ಸಲ ನನ್ನನ್ನು ಯಜಮಾನ ಮಾಡದಿರಲಿ.' ಇದರ ಮುಂದೆ ಅರ್ಧ ಗಂಟೆ ಕುಳಿತೆ. ಸರಕಾರಿ ಶೈಲಿಯಿಂದ ಬಿಡುಗಡೆ ಬೇಕು ಎಂಬ ಅರ್ಥ ಕೊನೆಗೆ ಹೊರಟಿತು. ಒಂದು ಕ್ಷೌರದಂಗಡಿ ಮತ್ತು ಒಂದು ಸಾಮಾನಿನ ಅಂಗಡಿ ಇರುವ ಓಣಿಯಲ್ಲಿ ಇಷ್ಟು ದೊಡ್ಡ ವಿಮರ್ಶಕರು ಅಡಗಿದ್ದರೆಂದು ಯಾರಿಗೆ ಗೊತ್ತಿತ್ತು!

ಅವತ್ತೇ ಕುಳಿತು ತಿದ್ದಿದೆ. ಆರನೆಯ ಪುಟದಲ್ಲಿ ಒಂದು ಮದುವೆ ಸೇರಿಸಿದೆ. ಎಂಟನೆಯದರಲ್ಲಿ ಒಂದು ಪಾರಿವಾಳ ಮೀಟರಿನ ಮೇಲೆ ಬಂದು ಕುಳಿತಿತು. ಲೇಖನ ಹದಿಮೂರು ಪುಟವಾಯಿತು.

ಶುಕ್ರವಾರ ಬೆಳಿಗ್ಗೆ ರುಮಿಯಾತಿ ಅಂಗಡಿಯಿಂದ ಬಂದಳು. ಕೈಯಲ್ಲಿ ಚೀಲವಿತ್ತು, ಚೀಲದಲ್ಲಿ ಏನೂ ಇರಲಿಲ್ಲ. ನನ್ನೆದುರು ನಿಂತಳು. ನಮ್ಮ ಮದುವೆಯಾಗಿ ಮೂವತ್ತನಾಲ್ಕು ವರ್ಷ. ಅವಳು ಕೂಗಾಡಿದರೆ ನನಗೆ ಭಯವಿಲ್ಲ. ಅವತ್ತು ಅವಳು ಕೂಗಾಡಲಿಲ್ಲ.

"ಪಾಕ್, ಒಬ್ಬರೇ ಹೋಗ್ತಿದೀರಂತೆ."

"ಎಲ್ಲಿಗೆ?"

"ಮೆಕ್ಕಾಗೆ. ನಾಳೆ."

ನಾನು ನಕ್ಕೆ. ಅದು ತಪ್ಪಾಯಿತು. ನಮ್ಮಿಬ್ಬರ ಹೆಸರೂ ಹಜ್ ಪಟ್ಟಿಯಲ್ಲಿ ಒಟ್ಟಿಗೇ ಇವೆ, ಒಂದರ ಕೆಳಗೊಂದು. ನಮ್ಮ ಸರದಿ ಬರುವುದು ೨೦೪೧ಕ್ಕೆ. ಅವಳ ಬಿಳಿ ಉಡುಪು ಆಗಲೇ ಹೊಲಿದು, ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿ ಕರ್ಪೂರದ ಗುಳಿಗೆ ಹಾಕಿ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಾಕಿ, ಮೈಗೆ ಹಿಡಿದು ನೋಡಿಕೊಂಡು, ಮತ್ತೆ ಮಡಿಸಿಡುತ್ತಾಳೆ.

"ಇಡೀ ಓಣಿಗೆ ಹೇಳಿದೀರ. ನಂಗೊಬ್ಬಳಿಗೆ ಹೇಳಿಲ್ಲ. ಜೋಯೋ ಬೇರೆ, ಕಾಯಿಲೆ ಏನಂತ ಡಾಕ್ಟರು ಹೇಳಿದ್ರು ಬು, ಅಂತ ಕೇಳ್ದ. ಯಾವುದು ನಿಜ? ಹೋಗ್ತೀರೋ, ಸಾಯ್ತೀರೋ?"

ಆಗ ನನ್ನ ಮೇಜಿನ ಮೇಲಿದ್ದ ನಾಲ್ಕು ಚೀಟಿಗಳು ನನ್ನನ್ನೇ ನೋಡಿದವು. ಮೆಕ್ಕಾಗೆ ಹೋಗುವವರ ಕೈಯಲ್ಲಿ ಎಲ್ಲರೂ ತಮ್ಮ ತಮ್ಮ ಹರಕೆಯ ಚೀಟಿ ಕೊಟ್ಟು ಅಲ್ಲಿ ಪ್ರಾರ್ಥಿಸಿ ಅನ್ನುವುದು ನೆನಪಾಯಿತು. ಹಾಜಿಯವರ ಎರಡು ಜೊತೆ ಚಪ್ಪಲಿ ನೆನಪಾಯಿತು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ, ರೂಪಕದ ವಿಷಯವನ್ನೊಂದು ಬಿಟ್ಟು.

ಅವಳು ಪೂರ್ತಿ ಕೇಳಿದಳು. ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. "ಹೋಗಿ ಹೇಳಿ ಬನ್ನಿ. ಈಗಲೇ. ಇಲ್ದಿದ್ರೆ ನಾಳೆ ಮೈಕಲ್ಲಿ ನಾನೇ ಹೇಳ್ತೀನಿ."

ಯಜಮಾನರ ಮನೆಗೆ ಓಡಿದೆ. ಅಂಗಳದಲ್ಲಿ ನೂರಿಪ್ಪತ್ತು ಕುರ್ಚಿ ಬಂದು ಬಿದ್ದಿದ್ದವು. ಹೆಂಗಸರು ಕುಳಿತು ಕಾಯಿ ತುರಿಯುತ್ತಿದ್ದರು. ಅಂಗಡಿ ಮುಚ್ಚಿ ಬಂದ ಜೋಯೋ ಶಾಮಿಯಾನದ ಕಂಬ ಕಟ್ಟುತ್ತಿದ್ದ, ಮಂಡಿ ಹಿಡಿದುಕೊಂಡು. ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು.

"ಪಾಕ್ ಹಾರ್ಜೋನೋ, ಒಂದು ಮಾತು..."

"ಗೊತ್ತು ಪಾಕ್. ಇಷ್ಟೆಲ್ಲ ಯಾಕೆ ಅಂತ ಹೇಳೋಕೆ ಬಂದಿದೀರ. ಹದಿನಾಲ್ಕು ಕೋಳಿ ಕೊಯ್ದಾಯ್ತು, ಇನ್ನೇನೂ ಮಾತಾಡ್ಬೇಡಿ. ಚಹಾ ತಗೊಳ್ಳಿ."

ಚಹಾ ತಗೊಂಡೆ. ಜೊತೆಗೆ ಎರಡು ಕರಿದ ತೋಫು. ಬಿಸಿ ತುಪ್ಪ ನುಂಗಲಾರೆ ಉಗುಳಲಾರೆ ಎಂಬ ಗಾದೆ ಮಾಡಿದವನಿಗೆ ಬಿಸಿ ತೋಫು ಗೊತ್ತಿರಲಿಲ್ಲ, ಅಷ್ಟೆ. ಮನೆಗೆ ಬಂದಾಗ ರುಮಿಯಾತಿ ಬಾಗಿಲಲ್ಲೇ ಇದ್ದಳು.

"ಹೇಳಿದ್ರಾ?"

"ಶುರು ಮಾಡ್ದೆ."

ಶನಿವಾರ ಮಧ್ಯಾಹ್ನ ಓಣಿಯ ಈ ತುದಿಯಿಂದ ಆ ತುದಿಗೆ ಶಾಮಿಯಾನ. ನಲವತ್ತು ಮನೆಯವರೂ ಹಾಜರ್. ತರಗತಿಗೆ ನಾನು ಬರಲಿಲ್ಲವೆಂದು ಬು ಗುರು ಲೇಖನ ಕೇಳಿಕೊಂಡು ಸ್ಕೂಟರಿನಲ್ಲಿ ಬಂದವರು, ಜನ ನೋಡಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಅಂಚಿನಲ್ಲಿ ನಿಂತುಬಿಟ್ಟರು. ರುಮಿಯಾತಿ ಕೈಕಟ್ಟಿಕೊಂಡು ಮೈಕಿನ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಳು.

ಹಾರ್ಜೋನೋ ಭಾಷಣ ಮಾಡಿದರು: "ನಮ್ಮ ಪಾಕ್ ತುಗಿಮನ್ ಹೊರಟಿದಾರೆ. ಎಲ್ಲಿಗೆ ಅನ್ನೋದು ಅವರವರ ನಂಬಿಕೆಗೆ ಬಿಟ್ಟದ್ದು. ನಮ್ಮ ಮನಸ್ಸಲ್ಲಿ ಏನಾದ್ರೂ ಕಲ್ಮಶ ಇದ್ರೆ ಈಗಲೇ ತೊಳ್ಕೊಳ್ಳೋಣ. ಸಾಲಾಗಿ ಬನ್ನಿ."

ಸಾಲು ಹೊರಟಿತು. ಹೊರಡುವವನಿಗೆ ಒಂದು ಸುಳ್ಳನ್ನೂ ಹೊರಿಸಿ ಕಳಿಸಬಾರದೆಂಬುದು ನಮ್ಮ ನಂಬಿಕೆ. ಮೊದಲು ಬಂದವಳು ವಿನಾರ್ತಿ.

"ಕ್ಷಮಿಸ್ಬೇಕು ಪಾಕ್. ಲೇಖನ ಚೆನ್ನಾಗಿದೆ ಅಂದಿದ್ದು ಸುಳ್ಳು. ಎರಡನೇ ಪುಟಕ್ಕೆ ಹೋಗೋಕಾಗ್ಲಿಲ್ಲ, ನಿದ್ದೆ ಬಂತು. ಉಳಿದ ಹಾಳೆಗಳಲ್ಲಿ ಮೆಣಸಿನಕಾಯಿ ಕಟ್ಟಿಕೊಟ್ಟೆ."

ನಾನು ಒಂದು ಎಂದು ಬೆರಳು ಮಡಿಸಿದೆ. ಹಿಂದೆ ಹಾಜಿ ಮುಸ್ತಾರಿ.

"ನನ್ನನ್ನೂ ಕ್ಷಮಿಸಿ. ನಿಮ್ಮ ಮೊದಲ ವಾಕ್ಯ ಜೋರಾಗಿ ಓದೋಕೆ ಹೋಗಿ ಉಸಿರು ಕಟ್ಟಿತು. ನನ್ನ ವಯಸ್ಸಿನೋರಿಗೆ ಅದು ಅಪಾಯ. ಇನ್ನೊಂದು, ಮೂವತ್ತೊಂದು ವರ್ಷದಲ್ಲಿ ನೀವು ಒಂದ್ಸಲಾನೂ ಮೀಟರಿನ ಮುಚ್ಚಳ ವಾಪಸ್ ಮುಚ್ಚಿಲ್ಲ. ನಾನು ಎರಡು ಸಲ ಕಾಲು ಹಾಕಿದೀನಿ. ಇಷ್ಟು ದಿನ ಮನಸ್ಸಲ್ಲಿಟ್ಕೊಂಡಿದ್ದೆ."

ಆಮೇಲೆ ಹಾರ್ಜೋನೋ, ಮೈಕಿನಿಂದ ದೂರ ಬಂದು, ಕಿವಿಯಲ್ಲಿ: "ಹನ್ನೊಂದು ಪುಟದಲ್ಲಿ ಇಪ್ಪತ್ತೇಳು ಸಲ 'ಬಂಧುಗಳೇ' ಅಂದಿದೀರ ಪಾಕ್. ಯಜಮಾನ ನಾನು, ನಾನೇ ಅಷ್ಟು ಅನ್ನಲ್ಲ."

ಕೊನೆಗೆ ಜೋಯೋ. ಅವನು ನಿಜವಾಗಿ ಅಳುತ್ತಿದ್ದ. "ಪಾಕ್, ಅದರಲ್ಲಿ ಒಬ್ಬ ಮನುಷ್ಯ ಬರಲ್ಲ. ಬರೀ ಪೈಪು. ನನ್ನ ಅಂಗಡೀಲಿ ಕೂತು ನೀವು ಹೇಳ್ತೀರಲ್ಲ, ನಾಯಿ ಅಟ್ಟಿಸ್ಕೊಂಡು ಬಂದು ಮಾವಿನಮರ ಹತ್ತಿದ್ದು, ಮರದಲ್ಲೇ ಕೂತು ಆ ಮನೆಯೋರ ಮೀಟರು ಓದಿದ್ದು, ಅದ್ಯಾಕಿಲ್ಲ? ಅದನ್ನ ಕೇಳೋಕೇ ಜನ ಸರದಿ ಬಿಟ್ಟು ಕೂತಿರ್ತಿದ್ರು. ನೀವು ಹೋದ್ಮೇಲೆ ಅದನ್ನ ಯಾರು ಹೇಳ್ತಾರೆ?"

ನಾಲ್ಕು! ನಾಲ್ಕು ಜನ, ನಾಲ್ಕು ತಪ್ಪು, ಮನೆಯವರಲ್ಲ, ಹೊರಗಿನವರು! ನನಗೆ ಕುಣಿಯುವಷ್ಟು ಸಂತೋಷವಾಗಿ ಮುಖ ಅಗಲವಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಅಂದರು: "ನೋಡಿ, ಬೈಸ್ಕೊಂಡೂ ಹೆಂಗೆ ನಗ್ತಿದಾರೆ. ಮನುಷ್ಯ ಆಗಲೇ ಅರ್ಧ ಮೇಲಿದಾನೆ."

ಮೈಕು ನನ್ನ ಕೈಗೆ ಬಂತು. ಜೇಬಿನಲ್ಲಿ ಹದಿಮೂರು ಪುಟವಿತ್ತು. ಏನಾದರೂ ಹೇಳಿ ಮುಗಿಸಬೇಕಲ್ಲ, ಅದನ್ನೇ ಓದಿಬಿಡೋಣವೆಂದು ಹೊರಗೆಳೆದೆ. "ಮಾನವನು ಭೂಮಿಯ ಮೇಲೆ..." ಎಂದೆ. ಹಾಜಿಯವರು ಉಸಿರು ಹಿಡಿದುಕೊಂಡದ್ದು ಕಾಣಿಸಿತು. ವಿನಾರ್ತಿ ಆಕಳಿಸಿದಳು. ಪಕ್ಕದಲ್ಲಿ ರುಮಿಯಾತಿ ಕುರ್ಚಿಯಿಂದ ನಿಧಾನವಾಗಿ ಏಳತೊಡಗಿದಳು.

ಹಾಳೆ ಮಡಿಸಿ ಜೇಬಿಗಿಟ್ಟೆ.

"ನಾನು ಎಲ್ಲಿಗೂ ಹೋಗ್ತಾ ಇಲ್ಲ" ಎಂದೆ.

ನಲವತ್ತು ಮನೆಯ ತಲೆಗಳು ಒಟ್ಟಿಗೇ ಮೇಲೆದ್ದವು. ಯಾರದೋ ಚಮಚ ಕೆಳಗೆ ಬಿತ್ತು. ಮಕ್ಕಳು ಅಳು ನಿಲ್ಲಿಸಿದರು. ಇಷ್ಟು ಗಮನದಿಂದ ಯಾರಾದರೂ ನನ್ನನ್ನು ಕೇಳಿಸಿಕೊಂಡದ್ದು ನನ್ನ ಜನ್ಮದಲ್ಲೇ ಅದು ಮೊದಲು.

ಮಿಕ್ಕದ್ದನ್ನೂ ಹೇಳಿದೆ. ಬೋರ್ಡು, ಲಕೋಟೆ, ರೂಪಕ, ಪಾರಿವಾಳ, ತೋಫು. ವಾಕ್ಯಗಳೆಲ್ಲ ತಾವೇ ಚಿಕ್ಕದಾದವು. ಹೆದರಿದವನಿಗೆ ಉದ್ದ ವಾಕ್ಯಕ್ಕೆ ಉಸಿರೆಲ್ಲಿರುತ್ತದೆ? "ನನ್ನ ಹೆಂಡತೀನ ಬಿಟ್ಟು ನಾನು ಎಲ್ಲಿಗೂ ಹೋಗೋನಲ್ಲ. ನಮ್ಮ ಸರದಿ ೨೦೪೧ಕ್ಕೆ. ನಿಮ್ಮ ಕೋಳಿಗಳು ನನ್ನ ದಡ್ಡತನಕ್ಕೆ ಸತ್ತವು. ಕ್ಷಮಿಸಿ" ಎಂದು ಮುಗಿಸಿದೆ.

ಆಮೇಲೆ ಜೋಯೋ ಎದ್ದು ನಿಂತು ಕೇಳಿದ: "ಸಾಯೋದೂ ಇಲ್ವಾ?"

"ಸದ್ಯಕ್ಕಿಲ್ಲ ಜೋಯೋ."

ಮೊದಲು ನಕ್ಕವರು ಹಾಜಿ ಮುಸ್ತಾರಿ. ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ಶಾಮಿಯಾನದ ಕಂಬಗಳು ಅಲ್ಲಾಡಿದವು. ಹಾರ್ಜೋನೋ ನನ್ನ ಕೈಯಿಂದ ಮೈಕು ಕಿತ್ತುಕೊಂಡು, "ಸರಿ, ಇವ್ರು ಹೋಗಲ್ಲ, ಕೋಳಿಗಳು ವಾಪಸ್ ಬರಲ್ಲ, ಊಟಕ್ಕೇಳಿ!" ಎಂದು ಘೋಷಿಸಿದರು. ರುಮಿಯಾತಿ ನನ್ನ ಎಲೆಗೆ ಎರಡು ತೊಡೆ ತುಂಡು ಹಾಕಿದಳು.

ಬು ಗುರು ಅನ್ನ ಕಲಸುತ್ತಾ ನನ್ನ ಹತ್ತಿರ ಬಂದರು. "ಪಾಕ್, ಜೇಬಲ್ಲಿರೋದನ್ನ ಮರೆತುಬಿಡಿ. ಈಗ ಹೇಳಿದ್ರಲ್ಲ, ಅದನ್ನೇ ಹಾಗೇ ಬರೆದುಕೊಡಿ. ಒಂದು 'ಬಂಧುಗಳೇ' ಕೂಡ ಬೇಡ."

ಬರೆದುಕೊಟ್ಟೆ. ಎರಡು ವಾರಕ್ಕೆ ಅಚ್ಚಾಯಿತು, ಆರನೆಯ ಪುಟದ ಕೆಳಗೆ, ಟೈರಿನ ಜಾಹೀರಾತಿನ ಪಕ್ಕ. ಬೋರ್ಡು ಇಳಿಯುವುದು ತಪ್ಪಿತು. ಆದರೂ ನಾನೇ ಹಗಲು ಹೊತ್ತಲ್ಲಿ, ಎಲ್ಲರ ಕಣ್ಣೆದುರಿಗೆ ಏಣಿ ಹಾಕಿಕೊಂಡು ಹತ್ತಿ, 'ಲೇಖಕ' ಎಂಬುದರ ಹಿಂದೆ ಚಿಕ್ಕದಾಗಿ 'ಹೊಸ' ಎಂದು ಸೇರಿಸಿದೆ. ಚೀಟಿಗಳನ್ನು ಮರಳಿಸಲು ಹೋದರೆ ಯಾರೂ ತೆಗೆದುಕೊಳ್ಳಲಿಲ್ಲ. "ಇರ್ಲಿ ಬಿಡಿ ಪಾಕ್, ನಲವತ್ತೊಂದಕ್ಕೇ ತಗೊಂಡ್ಹೋಗಿ" ಎಂದಳು ವಿನಾರ್ತಿ. "ಅಷ್ಟರಲ್ಲಿ ಗಂಡು ಸಿಕ್ಕಿದ್ರೆ ಮೊಮ್ಮಗು ಅಂತ ತಿದ್ಕೊಳ್ಳಿ." ಈಗ ಅವು ರುಮಿಯಾತಿಯ ಡಬ್ಬಿಯಲ್ಲಿ, ಬಿಳಿ ಉಡುಪಿನ ಮಡಿಕೆಯೊಳಗಿವೆ.

ಪತ್ರಿಕೆ ಹಿಡಿದುಕೊಂಡು ನಾಲ್ಕು ಮನೆಗೂ ಹೋದೆ. "ಓದಿದ್ರಾ?" ಎಂದೆ. "ತುಂಬಾ ಚೆನ್ನಾಗಿದೆ ಪಾಕ್! ತಪ್ಪೇ ಇಲ್ಲ!" ಎಂದರು ನಾಲ್ವರೂ. ಅದೇ ಚಹಾ, ಅದೇ ನಗು. ಹಾಜಿಯವರಂತೂ ಅದನ್ನು ಪಾರಿವಾಳದ ಕಡೆ ನೋಡಿಕೊಂಡೇ ಹೇಳಿದರು. ನಿಜವೋ ಸುಳ್ಳೋ ತಿಳಿಯಬೇಕಾದರೆ ಅವರೆಲ್ಲ ಮತ್ತೆ ಸಾಲಾಗಿ ಬಂದು ನನ್ನ ಕೈ ಹಿಡಿಯುವವರೆಗೂ ಕಾಯಬೇಕು. ಅದು ೨೦೪೧ಕ್ಕೆ.

ಸುಸ್ತಾಗಿ ಮನೆಗೆ ಬಂದು ಕುಳಿತೆ. ರುಮಿಯಾತಿ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಮೊದಲಿಂದ ಕೊನೆಯವರೆಗೂ ಓದಿದಳು. ಪತ್ರಿಕೆಯನ್ನು ಮಡಿಸಿ ಡಬ್ಬಿಯ ಮೇಲಿಟ್ಟಳು.

"ಹೇಗಿದೆ ಬು?"

"ಕೋಳಿ ಹದಿನಾಲ್ಕಲ್ಲ, ಹದಿನೈದು. ನಮ್ಮನೆಯಿಂದ ನಾನು ಕೊಟ್ಟ ಕೆಂಪಿಯನ್ನ ಲೆಕ್ಕಕ್ಕೇ ಹಿಡಿದಿಲ್ಲ ನೀವು."